ವೈದ್ಯಪತ್ರಿಕೆಯ ಮೇಲೆ ಜೋಡಿ ಗಿಳಿ

ಮಂಡ್ಯದ ರೈಲಿನಿಂದಿಳಿದು ನೇರವಾಗಿ ಮದ್ದೂರಿನ ಅಚ್ಚುಕೂಟಕ್ಕೆ ಬಂದ ಆಳು ಮರಿಯಯ್ಯ, ತಲೆಯ ಮೇಲಿದ್ದ ಕಾಗದದ ಹೊರೆ ಇಳಿಸುವ ಮೊದಲು ಸುದ್ದಿ ಇಳಿಸಿದ.

"ಅವ್ವಾ, ಡಾಕುಟ್ರಿಗೆ ಮದ್ವೆಯಂತೆ!"

ವೇದವಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದಳು. ಕೈ ನಿಂತಿತು.

"ಯಾವ ಡಾಕ್ಟರಿಗೆ?" ಎಂದಳು, ಮದ್ದೂರಿನಿಂದ ಮಂಡ್ಯದವರೆಗೆ ಡಾಕ್ಟರುಗಳು ಕಬ್ಬಿನ ಹಾಗೆ ಸಾಲುಸಾಲಾಗಿ ಬೆಳೆದು ನಿಂತಿರುವವರಂತೆ.

"ಇನ್ಯಾವ ಡಾಕುಟ್ರು? ನಮ್ ಪಾರ್ತಸಾರ್ತಿ ಡಾಕುಟ್ರು. ಎಣ್ಣು ಮಳವಳ್ಳಿ ಕಡೇವ್ರಂತೆ. ಲಗ್ನಪತ್ರಿಕೆನೂ ಅಚ್ಚಾಗೈತಂತೆ ಕಣವ್ವ."

"ಎಲ್ಲಿ ಅಚ್ಚಾಯಿತಂತೆ?"

"ಇಲ್ಲೇಯಾ. ನಮ್ಮಲ್ಲೇಯಾ."

ವೇದವಲ್ಲಿಗೆ ನಗು ಬಂತು. ಅಪ್ಪನ ಕಣ್ಣು ಮಂಜಾದ ಮೇಲೆ ಆ ಅಚ್ಚುಕೂಟದ ಪ್ರತಿ ಅಕ್ಷರವನ್ನೂ ಜೋಡಿಸುವವಳು ಅವಳೇ. ಅವಳ ಬೆರಳು ದಾಟದೆ ಯಾವ ಲಗ್ನಪತ್ರಿಕೆ ಹೊರಟೀತು? ಮರಿಯಯ್ಯ ಸೊಂಟದಿಂದ ಮಡಿಸಿದ ಪುಸ್ತಕವೊಂದನ್ನು ತೆಗೆದು ಅವಳ ಮುಂದೆ ಚಾಚಿದ.

ಅದು ಲಗ್ನಪತ್ರಿಕೆಯಲ್ಲ. ಡಾಕ್ಟರ ವೈದ್ಯಪತ್ರಿಕೆಯ ಮೊದಲ ಸಂಚಿಕೆ. ಸುತ್ತಲೂ ಮಾವಿನೆಲೆಯ ತೋರಣದ ಅಂಚು. ನಡುವೆ ಇಂಗ್ಲಿಷಿನಲ್ಲಿ ಸಂಪಾದಕರ ಎರಡು ಹೆಸರು. ಎಡಕ್ಕೆ ಪಾರ್ಥಸಾರಥಿ, ಬಲಕ್ಕೆ ಪಂಕಜಮ್ಮ. ಎರಡರ ಮಧ್ಯೆ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತ ಜೋಡಿ ಗಿಳಿ.

ಇಂಗ್ಲಿಷ್ ಬಾರದವರಿಗೂ ಗಿಳಿ ಓದಲು ಬರುತ್ತದೆ. ಮಂಡ್ಯ ಓದಿಬಿಟ್ಟಿತ್ತು.

ತೋರಣ, ಗಿಳಿ ಎರಡನ್ನೂ ಇಟ್ಟವಳು ವೇದವಲ್ಲಿಯೇ. ಒಳಗಿನ ಪುಟಗಳ ಪ್ರೂಫನ್ನೆಲ್ಲ ಡಾಕ್ಟರು ನೋಡಿದ್ದರು. ಮೇಲಿನ ಪುಟವನ್ನು ಮಾತ್ರ ನಾನೇ ಅಂದವಾಗಿ ಮಾಡುತ್ತೇನೆಂದು ಅವಳು ಹಟ ಹಿಡಿದಿದ್ದಳು. ಎರಡು ಹೆಸರು ಎದುರೆದುರು ಬಂದರೆ ನಡುವೆ ಗಿಳಿ ಇಡುವುದು ಅವಳ ಕೈಗೆ ಅಂಟಿದ ಅಭ್ಯಾಸ. ಯೋಚಿಸಿ ಮಾಡಿದ್ದಲ್ಲ; ಒಗ್ಗರಣೆಗೆ ಸಾಸಿವೆ ಹಾಕುವಾಗ ಯಾರು ಯೋಚಿಸುತ್ತಾರೆ?

ಈಗ ಯೋಚಿಸಿದಳು. ಯಾರು ಈ ಪಂಕಜಮ್ಮ?

*

ಆರು ತಿಂಗಳ ಹಿಂದೆ ಪಾರ್ಥಸಾರಥಿ ಮೊದಲ ಸಲ ಬಂದಾಗ ಅವರ ಕಂಕುಳಲ್ಲಿ ವಾಪಸು ಬಂದ ಲೇಖನಗಳ ಕಟ್ಟಿತ್ತು.

"ಒಂದು ಪತ್ರಿಕೆಯವರು ಇದು ಶಸ್ತ್ರವೈದ್ಯ ಅಲ್ಲ ಅಂತಾರೆ. ಇನ್ನೊಂದು ಪತ್ರಿಕೆಯವರು ಇದು ಔಷಧಿ ಅಲ್ಲ, ಎಣ್ಣೆ ತಿಕ್ಕೋದು ಅಂತಾರೆ. ಮೂಳೆ ಕೂಡಿದರೆ ರೋಗಿಯ ಕತೆ ಮುಗೀತು ಅವರಿಗೆ. ನಿಜವಾದ ಕತೆ ಶುರುವಾಗೋದೇ ಅಲ್ಲಿಂದ, ಅಯ್ಯಂಗಾರ್ರೇ."

ಅವರು ಹೇಳಿದ್ದು ಕೊತ್ತತ್ತಿಯ ಕೆಂಪಸಿದ್ದಯ್ಯನ ಕತೆ. ಆಲೆಮನೆಯ ಗಾಣಕ್ಕೆ ಬಲಗೈ ಸಿಕ್ಕಿತ್ತು. ಮೂಳೆ ಕೂಡಿತು, ಬೆರಳು ಮಾತ್ರ ಬಾಗಿಲ ಅಗುಳಿಯ ಹಾಗೆ ಸೆಟೆದು ನಿಂತವು. ಮಂಡ್ಯದ ಹೊರಗೆ ಗುತ್ತಲಿನ ದಾರಿಯಲ್ಲಿದ್ದ ತಮ್ಮ ಸಣ್ಣ ಆಸ್ಪತ್ರೆಯಲ್ಲಿ ಬಿಸಿನೀರು, ಎಣ್ಣೆ, ಹಿಟ್ಟಿನ ಉಂಡೆ ಹಿಸುಕಿಸುವುದು, ಮಡಚುವುದು, ಬಿಡುವುದು. ಕೊನೆಗೊಂದು ದಿನ ಅವನು ತನ್ನ ಮುದ್ದೆಯನ್ನು ತಾನೇ ಮುರಿದು ತಿಂದ. ಹೀಗೆ ಮಾಡುತ್ತಿರುವ ವೈದ್ಯರು ಮದರಾಸಿನಲ್ಲೊಬ್ಬರು, ಲಾಹೋರಿನಲ್ಲೊಬ್ಬರು, ಮುಂಬಯಿಯಲ್ಲಿಬ್ಬರು. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಅವರನ್ನೆಲ್ಲ ಕೂಡಿಸುವ ಒಂದು ಪತ್ರಿಕೆ ಬೇಕು, ಹೆಸರಿನಲ್ಲಿ 'ಇಂಡಿಯನ್' ಅಂತಿರಬೇಕು.

"ಮದ್ದೂರಿನಲ್ಲಿ ಅಚ್ಚಾಗೋದಕ್ಕೆ ಇಂಡಿಯನ್ ಅಂತಲೇ?" ಎಂದಿದ್ದರು ಅಪ್ಪ ರಾಮಾನುಜಯ್ಯಂಗಾರ್.

"ಮದ್ದೂರೂ ಇಂಡಿಯಾದಲ್ಲೇ ಇದೆಯಲ್ಲ!"

ಬೀರುವಿನ ಹಿಂದೆ ಮೊಳೆ ಜೋಡಿಸುತ್ತಿದ್ದ ವೇದವಲ್ಲಿ ಕಿಸಕ್ಕನೆ ನಕ್ಕಿದ್ದಳು. ಡಾಕ್ಟರು ಕತ್ತು ಹೊರಳಿಸಿ ನೋಡಿದ್ದರು. ಆ ನೋಟ ತುಸು ಹೆಚ್ಚೇ ಹೊತ್ತು ನಿಂತಿತ್ತು.

ಆಮೇಲಿನದೆಲ್ಲ ಪ್ರೂಫಿನ ನೆಪ. ಅವಳಿಗೆ ಇಂಗ್ಲಿಷ್ ಅಕ್ಷರ ಗೊತ್ತು, ಅರ್ಥ ಅಷ್ಟಕ್ಕಷ್ಟೆ. "ಇದೇನು ಡಾಕ್ಟರೇ ಈ ಪದ?" ಎಂದರೆ ಅವರು ಬಾಯಲ್ಲಿ ಹೇಳರು, ಬೆರಳು ಮಡಚಿ ತೋರಿಸುವರು. ಒಮ್ಮೆ ಮೊಣಕಾಲಿನ ಪದ ಬಂದಾಗ ಸ್ಟೂಲಿನ ಮೇಲೆ ಕೂತು ಕಾಲು ಝಾಡಿಸಿ ಮಸಿಯ ಡಬ್ಬ ಉರುಳಿಸಿದ್ದರು. ಅವರ ಪಂಚೆಯಂಚಿನ ಮಸಿಕಲೆ ಮುಂದಿನ ವಾರವೂ ಹಾಗೇ ಇತ್ತು. "ಅಗಸರಿಗೆ ಕೊಡಲಿಲ್ಲವೇ?" ಎಂದರೆ, "ಕಲೆ ಹೋಗೋದು ಬೇಡ ಅನ್ನಿಸ್ತು" ಎಂದು ಕಿಟಕಿಯ ಕಡೆ ನೋಡಿದ್ದರು. ಆ ರಾತ್ರಿಯ ಊಟದಲ್ಲಿ ವೇದವಲ್ಲಿ ಸಾರಿಗೆ ಉಪ್ಪು ಮರೆತಿದ್ದಳು.

ಇಷ್ಟೆಲ್ಲ ಆಗಿ, ಪಕ್ಕದ ಹೆಸರು ಪಂಕಜಮ್ಮನದು!

*

ಎರಡನೇ ಸಂಚಿಕೆಯ ಲೇಖನ ಹಿಡಿದು ಅವರಿಬ್ಬರೂ ಒಟ್ಟಿಗೇ ಬಂದರು.

ಪಂಕಜಮ್ಮ ಕುರೂಪಿಯಾಗಿರಲಿ ಎಂದು ವೇದವಲ್ಲಿ ಉಗ್ರನರಸಿಂಹನಿಗೆ ಹರಕೆ ಹೊತ್ತಿದ್ದಳು. ದೇವರು ಕಿವಿಗೊಟ್ಟಿರಲಿಲ್ಲ. ಎತ್ತರದ ಹೆಣ್ಣು, ಬಾಯ್ತುಂಬ ನಗು. ಹಣೆಯಲ್ಲಿ ಕುಂಕುಮವಿಲ್ಲ, ಹನ್ನೊಂದನೇ ವಯಸ್ಸಿಗೇ ಗಂಡ ಹೋದನಂತೆ, ಮದರಾಸಿಗೆ ಹೋಗಿ ಕೈಕಾಲು ಪಳಗಿಸುವ ವಿದ್ಯೆ ಕಲಿತು ಬಂದಳಂತೆ. ವೇದವಲ್ಲಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಮರುಗಳಿಗೆಗೇ ಹೊಟ್ಟೆಕಿಚ್ಚು ವಾದ ಹೂಡಿತು: ಡಾಕ್ಟರು ಸುಧಾರಣೆಯ ಮನುಷ್ಯ. ವಿಧವೆಯನ್ನು ಮದುವೆಯಾಗಲು ಹೆದರುವವರೇ?

ಪಂಕಜಮ್ಮ ಓದುತ್ತ ಓದುತ್ತ, ಕಣ್ಣೆತ್ತದೆ ಪಕ್ಕಕ್ಕೆ ಕೈ ಚಾಚಿ, ಡಾಕ್ಟರ ಕೋಟಿನ ಜೇಬಿನಿಂದ ಪೆನ್ಸಿಲು ತೆಗೆದು, ಒಂದು ಸಾಲು ತಿದ್ದಿ, ಮತ್ತೆ ಅಲ್ಲೇ ಸಿಕ್ಕಿಸಿದಳು.

ಆ ಜೇಬಿನಲ್ಲಿ ಪೆನ್ಸಿಲಿದೆಯೆಂದು ವೇದವಲ್ಲಿಗೂ ಗೊತ್ತಿತ್ತು. ಕೈ ಹಾಕಬಹುದೆಂದು ಗೊತ್ತಿರಲಿಲ್ಲ.

"ಮಂಡ್ಯದಲ್ಲಿ ಎದುರಿಗೆ ಸಿಕ್ಕಿದವರೆಲ್ಲ ಊಟ ಯಾವತ್ತು ಅಂತಾರೆ" ಎಂದು ಡಾಕ್ಟರು ನಕ್ಕರು. "ನಮ್ಮ ಕಾಂಪೌಂಡರು ಮದುವೆಗೆ ಅಂತ ಒಂದು ಜೊತೆ ಚಪ್ಪಲೀನೇ ಹೊಲಿಯಕ್ಕೆ ಹಾಕಿದ್ದಾನೆ."

"ನಗ್ತೀರಲ್ಲ" ಎಂದಳು ಪಂಕಜಮ್ಮ. "ನಮ್ಮಣ್ಣನ ಕಣ್ಣಿಗೆ ಬಿದ್ದರೆ ನನ್ನ ಕೆಲಸ ಅವತ್ತಿಗೇ ಮುಗೀತು."

ಗಿಳಿ ಇಟ್ಟವಳು ನಾನೇ, ತಪ್ಪಾಯಿತು ಎಂಬ ಮಾತು ವೇದವಲ್ಲಿಯ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಡಾಕ್ಟರು, "ಪಂಕಜಮ್ಮ ಇಲ್ಲದಿದ್ದರೆ ಈ ಪತ್ರಿಕೇನೇ ಇಲ್ಲ" ಎಂದರು. ಮಾತು ತುದಿಯಿಂದ ಹಿಂದಕ್ಕೆ ಹೋಯಿತು.

"ಕಾಫಿ ತರ್ತೀನಿ" ಎಂದು ಒಳಗೆ ಹೋದವಳು ಮೂರು ಲೋಟದಲ್ಲಿ ಒಂದಕ್ಕೆ ಸಕ್ಕರೆ ಹಾಕಲಿಲ್ಲ. ಪಂಕಜಮ್ಮ ಅದನ್ನು ಮುಖ ಕಿವಿಚದೆ ಕುಡಿದು, "ಘಮ್ಮಂತಿದೆ" ಎಂದಳು. ಅದಕ್ಕೂ ಹೊಟ್ಟೆ ಉರಿಯಿತು.

*

ಯಾರ ಕಣ್ಣಿಗೆ ಬೀಳಬಾರದಿತ್ತೋ ಅವರ ಕಣ್ಣಿಗೇ ಬಿತ್ತು. ಎರಡನೇ ಸಂಚಿಕೆ ಅರ್ಧ ಅಚ್ಚಾಗಿದ್ದ ದಿನ, ಡಾಕ್ಟರು ಪಂಕಜಮ್ಮ ಇಬ್ಬರೂ ಪ್ರೂಫು ನೋಡುತ್ತಿರುವಾಗ, ಮಳವಳ್ಳಿಯ ಬಸ್ಸಿಳಿದು ಯೋಗಾನರಸಿಂಹ ಪಂಡಿತರು ಅಚ್ಚುಕೂಟದ ಬಾಗಿಲಲ್ಲಿ ನಿಂತರು. ಪಂಕಜಮ್ಮನ ಅಣ್ಣ, ಅಲ್ಲಿನ ಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟರು. ಮದರಾಸಿಗೆ ತಂಗಿಯನ್ನು ಕಳಿಸಿದವರೂ ಅವರೇ, ನೆಂಟರೆಲ್ಲ ಬೇಡವೆಂದರೂ.

"ಏಳು ಪಂಕಜ. ಸಂಜೆ ಬಸ್ಸಿಗೆ ಮಳವಳ್ಳಿ."

"ಅಣ್ಣಾ..."

"ಊರೆಲ್ಲರ ಎದುರು ನಿನ್ನ ಪರವಾಗಿ ನಿಂತೆನಲ್ಲ, ಅವರಿಗೆಲ್ಲ ನಾನೀಗ ಏನು ಉತ್ತರ ಹೇಳಲಿ?" ಪತ್ರಿಕೆಯನ್ನು ಮೇಜಿನ ಮೇಲೆ ಒಗೆದರು. ಗಿಳಿಗಳು ಮೇಲ್ಮುಖವಾಗಿ ಬಿದ್ದವು. "ಯಾರು ಹಾಕಿದ್ದು ಇದನ್ನ? ಯಾರ ಕೈ?"

ಅಪ್ಪ ಬೀರುವಿನ ಕಡೆ ನೋಡಿದರು. ಮರಿಯಯ್ಯ ನೆಲ ನೋಡಿದ. ಬೀರುವಿನ ಹಿಂದಿದ್ದ ವೇದವಲ್ಲಿ ಇನ್ನಷ್ಟು ಮರೆಗೆ ಸರಿದಳು.

"ನಾನೇ ಹೇಳಿ ಹಾಕಿಸಿದ್ದು" ಎಂದರು ಪಾರ್ಥಸಾರಥಿ.

ಅದು ಸುಳ್ಳೆಂದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ವೇದವಲ್ಲಿ. ಆಗದ ಮಾತನ್ನು ಆಯಿತೆಂದು ಒಬ್ಬ ಗಂಡಸು ಯಾಕೆ ಒಪ್ಪಿಕೊಳ್ಳುತ್ತಾನೆ? ಆ ಮದುವೆ ಆಗಲಿ ಎಂಬ ಆಸೆಯಿದ್ದರೆ ತಾನೇ? ಎದೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದ ಹಾಗಾಯಿತು.

ಸುಮ್ಮನಿದ್ದರೆ ಸಾಕು. ಸಂಜೆಯ ಬಸ್ಸು ಪಂಕಜಮ್ಮನನ್ನು ಕರೆದುಕೊಂಡು ಹೋಗುತ್ತದೆ. ಆ ಜೇಬಿನ ಪೆನ್ಸಿಲು ಜೇಬಿನಲ್ಲೇ ಇರುತ್ತದೆ. ಪತ್ರಿಕೆ ನಿಂತರೆ ನಿಲ್ಲಲಿ!

ಪಂಕಜಮ್ಮ ಅಳಲಿಲ್ಲ. ಸೆರಗು ಹೊದ್ದು ಎದ್ದಳು. "ಬರ್ತೀನಣ್ಣ. ಕೆಂಪಸಿದ್ದಯ್ಯನ ಕಿರುಬೆರಳು ಇನ್ನೂ ಮಡಚಿಲ್ಲ. ಅದೊಂದು ಆಗಲಿ. ನಾನು ಬಿಟ್ಟು ಹೋದರೆ ಅದು ಹಾಗೇ ನಿಂತುಬಿಡತ್ತೆ."

ಆ ಕಿರುಬೆರಳಿನ ಸಾಲನ್ನು ಬೆಳಿಗ್ಗೆ ತಾನೇ ವೇದವಲ್ಲಿ ಜೋಡಿಸಿದ್ದಳು. ಒಬ್ಬ ರೈತನ ಒಂದು ಬೆರಳು. ಲಾಹೋರಿನ ವೈದ್ಯರು ಅದರ ಸುದ್ದಿಗೆ ಕಾದಿದ್ದಾರಂತೆ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಟ್ಟದ ಹಲಗೆಯಿಂದ ಹಳೆಯ ಹಾಳೆಗಳ ಕಟ್ಟನ್ನು ದೊಪ್ಪನೆ ಎಳೆದಳು. ಧೂಳಿನ ಜೊತೆ ಬೀರುವಿನ ಹಿಂದಿನಿಂದ ಹೊರಗೆ ಬಂದಳು.

"ಡಾಕ್ಟರು ಸುಳ್ಳು ಹೇಳ್ತಿದ್ದಾರೆ, ಪಂಡಿತರೇ. ಗಿಳಿ ಇಟ್ಟವಳು ನಾನು. ಯಾರೂ ಹೇಳಲಿಲ್ಲ. ನಮ್ಮ ಅಚ್ಚುಕೂಟದಲ್ಲಿ ಎರಡು ಹೆಸರು ಬಂದರೆ ಗಿಳಿ ಬರತ್ತೆ. ನೋಡಿ."

ಮೊದಲ ಹಾಳೆ, ಜವಳಿ ಅಂಗಡಿಯ ಇಬ್ಬರು ಪಾಲುದಾರರದು. ನಡುವೆ ಗಿಳಿ. ಎರಡನೆಯದು ಬಸರಾಳಿನ ಕುಸ್ತಿಯ ನೋಟೀಸು. ಎಡಕ್ಕೆ ಪೈಲ್ವಾನ್ ಮರಿಸಿದ್ದಯ್ಯ, ಬಲಕ್ಕೆ ಪೈಲ್ವಾನ್ ಪುಟ್ಟಮಾದಯ್ಯ. ಸುತ್ತ ಮಾವಿನೆಲೆ, ನಡುವೆ ಕೊಕ್ಕಿಗೆ ಕೊಕ್ಕು.

ಪಂಡಿತರು ಕನ್ನಡಕ ಸರಿ ಮಾಡಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

"ಅವ್ರಿಬ್ರಿಗೂ ಮದ್ವೆ ಆಗ್ನಿಲ್ಲ ಸೋಮಿ" ಎಂದ ಮರಿಯಯ್ಯ, ಬಹಳ ಗಂಭೀರವಾಗಿ. "ಒಬ್ರ ಕಿವಿ ಒಬ್ರು ಕಚ್ಕಂಡವ್ರೆ."

ಮೊದಲು ಪಂಡಿತರ ಮೀಸೆ ಅಲುಗಿತು. ಆಮೇಲೆ ಹೊಟ್ಟೆ. ನಗಬಾರದೆಂದು ಹಲ್ಲು ಕಚ್ಚಿದವರು ಕೊನೆಗೆ ಕುರ್ಚಿ ಎಳೆದು ಕೂತೇ ನಕ್ಕರು.

"ಆ ಹಾಳೆ ಕೊಡಮ್ಮ, ನಮ್ಮೂರಿನ ಬಾಯಿಗಳಿಗೆ ತೋರಿಸ್ತೀನಿ" ಎಂದು ಕುಸ್ತಿಯ ನೋಟೀಸನ್ನು ಮಡಿಸಿ ಜೇಬಿಗಿಟ್ಟರು. "ಪಂಕಜ, ಬೆರಳು ಮಡಚಿಸು. ಆದರೆ ಇನ್ನು ಮೇಲೆ ಗಿಳಿ ಇರಕೂಡದು." ಎದ್ದು ಹೊರಟವರು ಹೊಸ್ತಿಲಲ್ಲಿ ತಿರುಗಿದರು. "ಅಲ್ಲ ಡಾಕ್ಟರೇ, ನೀವು ಯಾಕೆ ಸುಳ್ಳು ಹೇಳಿದಿರಿ?"

ಪಾರ್ಥಸಾರಥಿಯ ಕಿವಿಗಳು ಕೆಂಪಾದವು.

"ಬಾ ಅಣ್ಣ, ಬಸ್ಸಿನ ತನಕ ಬರ್ತೀನಿ" ಎಂದು ಪಂಕಜಮ್ಮ ಅಣ್ಣನ ತೋಳು ಹಿಡಿದಳು. ದಾಟುವಾಗ ವೇದವಲ್ಲಿಯ ಕಿವಿಯ ಬಳಿ ಬಗ್ಗಿ, "ನಿಮ್ಮ ಕಾಫಿ ಕಹಿ ಇತ್ತು ಕಣ್ರೀ. ಸುಮ್ಮನೆ ಸಕ್ಕರೆ ಉಳಿಸಿದಿರಿ. ಮದ್ದೂರಿಗೆ ಬರೋ ದಿನ ಮಾತ್ರ ಈ ಮಹಾರಾಯರ ಕೋಟಿಗೆ ಬ್ರಷ್ಷು ಬೀಳತ್ತೆ" ಎಂದು ಪಿಸುಗುಟ್ಟಿ ಹೋದಳು.

*

ಅಪ್ಪ ನೀರು ಕುಡಿಯಲು ಒಳಗೆ ಹೋದರು. ಮರಿಯಯ್ಯನಿಗೆ ಇದ್ದಕ್ಕಿದ್ದಂತೆ ಹೊರಗೇನೋ ಕೆಲಸ ನೆನಪಾಯಿತು.

"ಹೇಳಿ ಡಾಕ್ಟರೇ. ಯಾಕೆ ಸುಳ್ಳು?"

"ಆ ಗಿಳಿ ನಿಮ್ಮ ಕೈಯದು ಅಂತ ಕಂಡ ದಿನವೇ ಗೊತ್ತು. ಪಂಡಿತರ ಬಾಯಿಗೆ ನೀವು ಸಿಕ್ಕೋದು ಬೇಡ ಅನ್ನಿಸ್ತು. ಆಮೇಲೆ ಏನಾಗತ್ತೆ ಅಂತ ಯೋಚನೆ ಮಾಡಲಿಲ್ಲ. ದಡ್ಡತನ."

ವೇದವಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನಾನು ಸುಮ್ಮನಿರೋಣ ಅಂದುಕೊಂಡೆ. ಅವರು ಹೋಗಲಿ ಅಂತ. ಅಷ್ಟು ಹೊಟ್ಟೆಕಿಚ್ಚು ನನಗೆ. ಈಗ ಹೇಳಿ, ನಾನು ಒಳ್ಳೆಯವಳಾ?"

ಡಾಕ್ಟರು ತಲೆಯ ಮೇಲೆ ಹಗ್ಗದಲ್ಲಿ ಒಣಗುತ್ತಿದ್ದ ಲಗ್ನಪತ್ರಿಕೆಗಳ ಸಾಲು ನೋಡಿದರು.

"ನಾನು ಇಲ್ಲಿಗೆ ಬಂದವನು ಮೊದಲು ಏನು ಮಾಡ್ತೀನಿ ಗೊತ್ತಾ? ಈ ಹಗ್ಗದ ಮೇಲಿನ ವಧುಗಳ ಹೆಸರೆಲ್ಲ ಓದ್ತೀನಿ. ಕಾರ್ತಿಕದಲ್ಲಿ ಒಬ್ಬಳು ವೇದವಲ್ಲಿ ಇದ್ದಳು. ತಂದೆಯ ಹೆಸರು ಓದೋವರೆಗೆ ನನಗೆ ಉಸಿರಿರಲಿಲ್ಲ. ಆ ವರ ಕೈಗೆ ಸಿಕ್ಕಿದ್ದರೆ ನಾನೂ ಕಿವಿ ಕಚ್ಚುತ್ತಿದ್ದೆ."

"ಪಾಪ! ಅವರು ಬೆಂಗಳೂರಿನಲ್ಲಿ ಗುಮಾಸ್ತರು."

"ಯಾರಾದರೇನು!"

ಇಬ್ಬರೂ ನಕ್ಕರು. ನಗು ನಿಂತ ಮೇಲೂ ನೋಟ ನಿಂತಿತ್ತು. ಅವಳೇ ಮೊದಲು ಕಣ್ಣು ತಗ್ಗಿಸಿ, ಮೇಲಿನ ಪುಟದ ಮೊಳೆಗಳತ್ತ ಕೈ ಚಾಚಿದಳು.

"ಹೆಸರು ಇನ್ನು ಅಕ್ಕಪಕ್ಕ ಬೇಡ. ಒಂದರ ಕೆಳಗೊಂದು. ಪಂಕಜಮ್ಮನವರದು ಮೇಲೆ. ಬೆರಳು ಮಡಚಿಸಿದವರು ಅವರು."

"ಹೊಟ್ಟೆಕಿಚ್ಚು ಹೋಯಿತಾ?"

"ಇನ್ನೂ ಇದೆ. ಅದಕ್ಕೇ ನಿಮ್ಮದು ಕೆಳಗೆ."

ಡಾಕ್ಟರು ಕೋಟಿನ ಗುಂಡಿ ಹಾಕಿಕೊಂಡು ಒಳಮನೆಯ ಬಾಗಿಲು ದಾಟಿದರು. ವೇದವಲ್ಲಿ ಬೀರುವಿಗೆ ಬೆನ್ನು ಕೊಟ್ಟು ನಿಂತಳು. ಒಳಗೆ ಕೆಮ್ಮು. ಚೊಂಬು ಕೆಳಗಿಟ್ಟ ಸದ್ದು. ಡಾಕ್ಟರ ತಗ್ಗಿದ ದನಿ, ಏನೂ ಕೇಳಿಸದು. ಆಮೇಲೆ ಅಪ್ಪನ ದನಿ, ಕೇರಿಗೆಲ್ಲ ಕೇಳಿಸುವಂಥದು.

"ನಮಗೇನೋ ಸಂತೋಷವೇ. ಹುಡುಗಿಯನ್ನ ಕೇಳಿದಿರಾ?"

"ಕೇಳಿದ ಹಾಗೇ ಆಯಿತು..."

"ಹಾಗೇ ಅಂದರೇನು? ಅವಳು ಏನಂದಳು?"

ಕೆಂಪಸಿದ್ದಯ್ಯನ ಬೆರಳಿನ ಬಗ್ಗೆ ಹನ್ನೆರಡು ಪುಟ ಬರೆದ ಮನುಷ್ಯನಿಗೆ ಒಂದು ಪದ ಹೊರಡುತ್ತಿಲ್ಲ. ವೇದವಲ್ಲಿಗೆ ತಡೆಯಲಾಗಲಿಲ್ಲ. ಮಸಿಗೈಯಲ್ಲೇ ಬಾಗಿಲ ತೋಳು ಹಿಡಿದು, ಕತ್ತು ಒಳಗೆ ಹಾಕದೆ, ಗೋಡೆಯ ಮರೆಯಿಂದ ಕೂಗಿದಳು. ಡಾಕ್ಟರೇ ಎನ್ನುವುದು ಈ ಸಲ ಅವಳ ಬಾಯಿಗೆ ಬರಲೇ ಇಲ್ಲ.

"ಒಪ್ಪಿದಳು ಅಂತ ಹೇಳ್ರೀ!"