ಖುರ್ಷೀದಾ ಬಾನುಗೆ ಆಗದ ಮದುವೆ

"ಬೇಟಿ, ತೂನೆ ತೊ ಮೇರಿ ಫೂಫಿ ಕಿ ಶಾದಿ ಕರಾ ದಿ."

ಪ್ರೂಫ್ ಓದಿದ ನಸೀಮಾ ಆಪಾ ಫೋನಿನಲ್ಲಿ, ನನ್ನ ಫೂಫಿಗೆ ನೀನು ಮದುವೆ ಮಾಡಿಸಿಬಿಟ್ಟೆಯಲ್ಲ ಮಗಳೇ, ಎಂದಾಗ ಯಕ್ಷಿತಾ ಅದನ್ನು ಹೊಗಳಿಕೆಯೆಂದೇ ತಿಳಿದಳು. ಹೊಗಳಿಕೆ ಅಲ್ಲ ಎನ್ನುವುದು ಮರುಕ್ಷಣ ಗೊತ್ತಾಯಿತು.

ಆಪಾರ ಫೂಫಿ ಅಂದರೆ ಸೋದರತ್ತೆ, ಖುರ್ಷೀದಾ ಬಾನು. ಬಿಜಾಪುರದಲ್ಲಿ ಹುಟ್ಟಿ, ಬೈಕುಲ್ಲಾದ ಚಾಳಿನ ಒಂದು ಕೋಣೆಯಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿಯುತ್ತ ಉರ್ದುವಿನಲ್ಲಿ ಕವಿತೆ ಬರೆದ ಹೆಂಗಸು. ಆಕೆ ಬಿಟ್ಟುಹೋದದ್ದು ಒಂದೇ ನೋಟಬುಕ್ಕು, ಪುಟಕ್ಕೊಂದರಂತೆ ನಲವತ್ತು ಕವಿತೆ. ಯಕ್ಷಿತಾ ಅವನ್ನು ಕನ್ನಡಕ್ಕೆ ತಂದಿದ್ದಳು. ಭಾನುವಾರ ಬಿಡುಗಡೆ. ವಿರಹದಲ್ಲಿ ಶುರುವಾದ ಪ್ರೀತಿ ಮಿಲನದಲ್ಲಿ ಮುಗಿಯಿತೆಂದು ಮುನ್ನುಡಿಯಲ್ಲಿ ಕಣ್ಣು ಒದ್ದೆ ಮಾಡಿಕೊಂಡು ಬರೆದಿದ್ದಳು.

ಫೂಫಿ ಮದುವೆಯಾಗದೇ ಸತ್ತಳು, ಎಂದರು ಆಪಾ. ಕೊನೆಯ ಕವಿತೆ ನಿನ್ನ ಪುಸ್ತಕದಲ್ಲಿ ಮೊದಲಿದೆ, ಮೊದಲನೆಯದು ಕೊನೆಗಿದೆ. ತಿದ್ದದೆ ಅಚ್ಚು ಹಾಕಿಸಿದರೆ ನನ್ನ ಒಪ್ಪಿಗೆ ಇಲ್ಲ.

ದಾದರಿನಲ್ಲಿ ಲೋಕಲ್ ಹತ್ತಿ ಬೈಕುಲ್ಲಾದ ಪ್ರೆಸ್ಸಿಗೆ ಬರುವಷ್ಟರಲ್ಲಿ ಯಕ್ಷಿತಾಳ ಸಿಟ್ಟು ನೆತ್ತಿಗೇರಿತ್ತು. ನೋಟಬುಕ್ಕನ್ನು ಆಪಾ ಒಂದೇ ದಿನಕ್ಕೆ ಕೊಟ್ಟಿದ್ದರು. ಸ್ಕ್ಯಾನ್ ಮಾಡಿ ಪುಟಗಳಿಗೆ ನಂಬರು ಹಾಕಿದವನು ಪ್ರೆಸ್ಸಿನ ಶಿವಪುತ್ರ, ಇಂಡಿ ಕಡೆಯವನು.

"ನೋಟಬುಕ್ ಎಡಗಡೆಯಿಂದನ ತೆಗೀತಾರಲ್ರಿ?" ಎಂದ ಅವನು.

"ಉರ್ದು ಬಲಗಡೆಯಿಂದ ತೆಗೀತಾರ."

ಸಾಲು ಸಾಲನ್ನೂ ಬಲದಿಂದ ಎಡಕ್ಕೆ ಓದಿದವಳು ತಾನೇ, ಆದರೂ ಅವನು ಹಾಕಿದ ನಂಬರನ್ನು ಕುರಿಯಂತೆ ನಂಬಿದವಳೂ ತಾನೇ. ಅದನ್ನು ಅವನು ಎತ್ತಿ ಆಡಿದ್ದರೆ ಜಗಳವಾದರೂ ಆಡಬಹುದಿತ್ತು. ಆಡಲಿಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು.

ಎರಡು ವರ್ಷದಿಂದ ಹೀಗೇ. ಒಂದು ಅಲ್ಪವಿರಾಮ ತೋರಿಸಲು ಬೈಕುಲ್ಲಾದಿಂದ ವಿಲೆ ಪಾರ್ಲೆಯ ಅವಳ ಕಾಲೇಜಿನವರೆಗೆ ಪ್ರೂಫ್ ಹಿಡಿದು ಬರುತ್ತಿದ್ದ. ಬಂದವನು ಅಲ್ಪವಿರಾಮದ ಬಗ್ಗೆಯೇ ಮಾತಾಡಿ, ಅವಳ ಕಿವಿಯ ಪಕ್ಕದ ಗುಂಗುರು ಕೂದಲನ್ನು ಕದ್ದು ನೋಡಿ, ಹೊರಟುಹೋಗುತ್ತಿದ್ದ. ಹೋದ ವಾರ ಮಾತ್ರ, ಸೋಲಾಪುರದ ಕಾಕಾ ತಮ್ಮ ಪ್ರೆಸ್ಸಿಗೆ ಕರೆದಿದ್ದಾರೆ, ಸೋಮವಾರ ಹೋಗಿಬಿಡುತ್ತೇನೆ ಎಂದು ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಇವಳೋ, ಸೋಲಾಪುರದ ಚಾದರ ಚೊಲೊ ಇರ್ತಾವ ಅಂದಿದ್ದಳು. ಆಮೇಲೆ ರೈಲಿನುದ್ದಕ್ಕೂ ತನ್ನನ್ನೇ ಬೈದುಕೊಂಡಿದ್ದಳು.

ಈಗ ಇಬ್ಬರೂ ಪ್ರೂಫಿನ ಹಾಳೆಗಳನ್ನು ಮೇಜಿನ ಮೇಲೆ ಹರಡಿ ತಿರುವು ಮುರುವು ಜೋಡಿಸತೊಡಗಿದರು. ಅವನು ಓದುತ್ತ ಹೋದ, ಇವಳು ಹೊಸ ನಂಬರು ಹಾಕುತ್ತ ಹೋದಳು. ಕವಿತೆಗಳಲ್ಲಿ ಮೊದಲ ನೋಟ ಬಂತು, ನಗು ಬಂತು, ಮಾತು ಕಡಿಮೆಯಾಗುತ್ತ ಬಂತು. ನಲವತ್ತನೆಯ ಹಾಳೆಗೆ ಬಂದಾಗ ಶಿವಪುತ್ರನ ದನಿ ತಗ್ಗಿತು:

ಅವನು ಕೇಳಲೆಂದು ನಾನು ಕಾದೆ, ನಾನು ಹೇಳಲೆಂದು ಅವನು;
ನಮ್ಮ ಮರ್ಯಾದೆ ಇಂದಿಗೂ ಸುಖವಾಗಿದೆ, ನಾವಿಬ್ಬರೇ ಇಲ್ಲ.

ತನ್ನ ಪುಸ್ತಕದಲ್ಲಿ ಇದು ಮೊದಲ ಕವಿತೆಯಾಗಿತ್ತು. ಪ್ರೇಮಿಗಳ ಸಣ್ಣ ಮುನಿಸು, ಮುಂದೆ ಸರಿಹೋಗುತ್ತದೆ ಎಂದುಕೊಂಡಿದ್ದಳು. ತನ್ನ ಅಜ್ಜಿ ನೀಲಾವತಿ ಹೇಳುತ್ತಿದ್ದ ಕಥೆಗಳಲ್ಲಿ ಸುಮ್ಮನೆ ಕಾದ ರಾಜಕುಮಾರಿಗೆ ಕೊನೆಗೆ ಎಲ್ಲವೂ ಸಿಗುತ್ತಿತ್ತು. ಈ ಕವಿತೆಯ ಮುಂದೆ ಏನೂ ಇರಲಿಲ್ಲ.

ಯಕ್ಷಿತಾ ಪೆನ್ನು ತೆಗೆದು ಮುನ್ನುಡಿಯ ಮಿಲನವನ್ನು ಪೂರ್ತಿ ಹೊಡೆದುಹಾಕಿದಳು.

"ಚೊಲೊ ಬರದಾರ," ಎಂದು ಶಿವಪುತ್ರ ಹಾಳೆಗಳನ್ನು ಕಟ್ಟತೊಡಗಿದ.

"ಅಷ್ಟೇನ್ರಿ? ಚೊಲೊ ಬರದಾರ, ಅಷ್ಟೇ?"

ಅವನು ತಬ್ಬಿಬ್ಬಾಗಿ ನೋಡಿದ.

"ಕೂಡ್ರಿ. ನೀವು ಕೇಳಂಗಿಲ್ಲ ಅಂತ ಗೊತ್ತಾತು. ನಾನ ಹೇಳ್ತೀನಿ. ನೀವು ಸೋಲಾಪುರಕ್ಕ ಹೋಗೂದು ನನಗ ಬ್ಯಾಡ. ನೀವಂದ್ರ ನನಗ ಜೀವ. ಇನ್ನೊಮ್ಮೆ ಹೇಳ್ರಿ ಅಂದ್ರ ಹೇಳಂಗಿಲ್ಲ."

ಶಿವಪುತ್ರನ ಕಿವಿ ಕೆಂಪಾಯಿತು. ಅವನು ಜೇಬಿನಿಂದ ಮೊಬೈಲು ತೆಗೆದು ನಂಬರು ಒತ್ತಿದ. ಇಂಥ ಹೊತ್ತಿನಲ್ಲಿ ಈ ಮನುಷ್ಯನಿಗೆ ಫೋನು ಬೇರೆ, ಎಂದು ಯಕ್ಷಿತಾಗೆ ಅಳುವೇ ಬಂತು.

"ಕಾಕಾ, ಸೋಮವಾರ ನಾ ಬರಂಗಿಲ್ರಿ. ಇಲ್ರಿ, ಆರಾಮ ಅದೀನಿ. ಮುಂದ ಒಂದ್ಸಲ ಬರ್ತೀನಿ. ಆದ್ರ ಒಬ್ಬನ ಬರಂಗಿಲ್ಲ."

ಎರಡು ವರ್ಷ ಕಾಯಿಸಿದ ಉತ್ತರವನ್ನು ಅವನು ಮೊದಲು ಕಾಕಾನಿಗೆ ಹೇಳಿದ್ದ. ಯಕ್ಷಿತಾ ಹಣೆ ಚಚ್ಚಿಕೊಂಡಳು.

"ಮತ್ತ ನನಗ ಯಾವಾಗ ಹೇಳ್ತೀರಿ?"

"ನಿಮ್ಮ ಮುಂದನ ಹೇಳಾಕ ಬರವಲ್ದು, ನೋಡ್ರಿ," ಎಂದ ಶಿವಪುತ್ರ. ಅವನ ಕಣ್ಣು ತುಂಬಿತ್ತು.

ಅವಳು ಅವನ ಕೈಯಿಂದ ಫೋನು ತೆಗೆದು ಮೇಜಿನ ಮೇಲಿಟ್ಟಳು, ಬರಿದಾದ ಕೈಯನ್ನು ತಾನು ಹಿಡಿದುಕೊಂಡಳು. "ಯಾರಲೇ ಅಕಿ? ಯಾರ ಮಗಳು?" ಎಂದು ಫೋನಿನೊಳಗಿಂದ ಕಾಕಾ ಕೇಳುತ್ತಲೇ ಇದ್ದರು.