ಬೋಳು ಜಿಂಕೆಗಳ ಬೆಟ್ಟ

ಸೋಮವಾರ ಬೆಳಿಗ್ಗೆ ಬಂದೂಕಿನವರು ಬೆಟ್ಟ ಹತ್ತುವುದೆಂದು ತೀರ್ಮಾನವಾಗಿತ್ತು. ಅಲ್ಲಿನ ಜಿಂಕೆಗಳು ಕೂದಲುದುರಿ ಬೋಳಾಗಿ, ಒಂದೊಂದಾಗಿ ಹಿಮದಲ್ಲಿ ಬೀಳುತ್ತಿದ್ದವು. ಅಂಟುರೋಗವೇ ಇರಬೇಕು, ಕೆಳಗಿನ ದನಕರುಗಳಿಗೆ ಹಬ್ಬುವ ಮೊದಲೇ ಇಡೀ ಹಿಂಡನ್ನು ಮುಗಿಸಿಬಿಡಿ ಎಂದು ದೊಡ್ಡ ಸಾಹೇಬರು ಸಹಿ ಹಾಕಿದ್ದರು. ಅವರ ಮೇಜು ಎಷ್ಟು ಉದ್ದವೆಂದರೆ, ಈ ತುದಿಯಲ್ಲಿಟ್ಟ ಬಿಸಿ ಚಹಾ ಆ ತುದಿಗೆ ಮುಟ್ಟುವಷ್ಟರಲ್ಲಿ ಆರಿರುತ್ತಿತ್ತು.

"ರೋಗ ಅಲ್ಲ ಸರ್, ನೊಣ," ಎಂದಳು ಕಾಡುಪ್ರಾಣಿಗಳ ಡಾಕ್ಟ್ರಮ್ಮ. "ರಕ್ತ ಹೀರೋ ನೊಣ."

"ನೊಣದಿಂದ ಜನ ಸಾಯೋ ಹಾಗಿದ್ರೆ ನಮ್ಮ ಕ್ಯಾಂಟೀನಲ್ಲಿ ಯಾರೂ ಉಳೀತಿರಲಿಲ್ಲ ಕಣಮ್ಮ."

"ರಕ್ತ, ಚರ್ಮ, ನೊಣ ಮೂರನ್ನೂ ಇದೇ ಮೇಜಿನ ಮೇಲೆ ತಂದಿಡ್ತೀನಿ."

"ಸೋಮವಾರದೊಳಗೆ ತಂದ್ರೆ ನೋಡ್ತೀನಿ. ಇಲ್ದಿದ್ರೆ ಬಂದೂಕು."

ಹೊರಟವರು ಮೂವರು. ಡಾಕ್ಟ್ರಮ್ಮ, ಹೆಜ್ಜೆಗುರುತು ನೋಡಿಯೇ ಜಿಂಕೆಯ ವಯಸ್ಸು, ಗುಣ, ಸಂಸಾರದ ಜಗಳ ಎಲ್ಲ ಹೇಳಬಲ್ಲೆನೆಂದು ಕೊಚ್ಚಿಕೊಳ್ಳುವ ಅವಳ ಸೋದರಮಾವ, ಜೊತೆಗೆ ಮತ್ತಿನ ಸೂಜಿ ಹೊಡೆದು ಪ್ರಾಣಿಗಳನ್ನು ಮಲಗಿಸುವ ನಿದ್ದೆಪ್ಪ. ಪ್ರಾಣಿಗಿಂತ ಮೊದಲು ತಾನೇ ಮಲಗುತ್ತಿದ್ದುದರಿಂದ ಅವನಿಗೆ ಆ ಹೆಸರು ಬಂದಿತ್ತು.

ಹೆಪ್ಪುಗಟ್ಟಿದ ಹೊಳೆಯನ್ನು ದಾಟಿದರೆ ಬೆಟ್ಟ. ಆ ಬೆಟ್ಟ ಎಷ್ಟು ಕಡಿದೆಂದರೆ, ಅಲ್ಲಿ ಮನುಷ್ಯನ ನೆರಳು ಕೂಡ ಹಗ್ಗ ಹಿಡಿದೇ ಹತ್ತಬೇಕು. ಚಳಿಗೆ ಆಡಿದ ಮಾತು ಬಾಯಿಂದ ಗಟ್ಟಿಯಾಗಿಯೇ ಉದುರುತ್ತಿತ್ತು. ಬೇಕಾದವರು ಆರಿಸಿಕೊಂಡು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಮರಗಳು ಬಿಳಿಯ ಹೊದಿಕೆ ಹೊದ್ದು, ಯಾರೂ ಮಾತಾಡಿಸಬೇಡಿ ಎಂಬಂತೆ ನಿಂತಿದ್ದವು. ದಾರಿಯುದ್ದಕ್ಕೂ ಸತ್ತ ಜಿಂಕೆಗಳು. ಮೊದಮೊದಲು ಮಾವ ಒಂದೊಂದರ ಹತ್ತಿರವೂ ನಿಂತು ನೋಡುತ್ತಿದ್ದ. ಆಮೇಲೆ ನಿಲ್ಲುವುದನ್ನೇ ಬಿಟ್ಟ.

ಶಿಖರದ ಕೆಳಗೆ ಒಂದು ಬಯಲು. ಮೂರು ಚಳಿಗಾಲದಿಂದ ಮಾವ, ಸೊಸೆ ಇಬ್ಬರೂ ಅಲ್ಲಿಗೆ ಹುಲ್ಲು ಹೊತ್ತು ತಂದು ಹಾಕುತ್ತಿದ್ದರು. ಮಾವ ತಗಡು ಬಡಿದರೆ ಸಾಕು, ಹಿಂಡು ಓಡಿಬರುತ್ತಿತ್ತು.

"ಬಡಿ ಮಾವ," ಎಂದಳು.

"ಊಟಕ್ಕೆ ಕರೆದು ಸೂಜಿ ಚುಚ್ಚೋದಾ? ಇನ್ಮೇಲೆ ನಂಬ್ತಾವಾ ನನ್ನ?"

"ಬಡಿ."

ಬಡಿದ. ಬಂದವು. ಓಡಿ ಬರಲಿಲ್ಲ, ಮೈ ಎಳೆದುಕೊಂಡು ಬಂದವು. ಕತ್ತು, ಬೆನ್ನು ಬೋಳು. ಬರಿಯ ಚರ್ಮ ಹಿಮಗಾಳಿಗೆ ನಡುಗುತ್ತಿತ್ತು. ಒಂದು ಗಳಿಗೆ ಸುಮ್ಮನೆ ನಿಲ್ಲಲಾರದೆ ಮರಕ್ಕೆ ಮೈ ಉಜ್ಜಿಕೊಳ್ಳುತ್ತಿದ್ದವು.

ನಿದ್ದೆಪ್ಪ ಗುರಿಯಿಟ್ಟ. ಹೆಣ್ಣುಜಿಂಕೆಯೊಂದು ನಾಲ್ಕು ಹೆಜ್ಜೆ ಇಟ್ಟು ಹುಲ್ಲಿನ ಮೇಲೆ ಕುಸಿಯಿತು.

ಡಾಕ್ಟ್ರಮ್ಮ ಉಳಿದ ಕೂದಲನ್ನು ಬಿಡಿಸಿದಳು. ಚಪ್ಪಟೆ ನೊಣಗಳು, ಸಾಲುಸಾಲು. ಕಾಡಿನ ಜನಗಣತಿ ಮಾಡುವವರು ಬಂದಿದ್ದರೆ ಆ ಕತ್ತೊಂದನ್ನೇ ಮುಗಿಸಲು ಅವರಿಗೆ ಪಿಂಚಣಿಯ ವಯಸ್ಸಾಗುತ್ತಿತ್ತು.

"ರೆಕ್ಕೇನೇ ಇಲ್ವಲ್ಲ, ಇದೆಂಥ ನೊಣ?" ಎಂದ ನಿದ್ದೆಪ್ಪ.

"ಜಿಂಕೆ ಮೈ ಸಿಗೋವರೆಗೆ ಮಾತ್ರ ರೆಕ್ಕೆ. ಆಮೇಲೆ ಕಳಚಿ ಬಿಸಾಕುತ್ತೆ."

"ಓ, ಮನೆಯಳಿಯನಾಗಿ ಬಂದವನು ಬೈಕು ಮಾರಿದ ಹಾಗೆ."

ನೊಣ, ಚರ್ಮದ ಚೂರು ಸೀಸೆಗೆ ಹಾಕಿ, ರಕ್ತ ತೆಗೆದಳು. ಕೆಂಪು ತೊಳೆದ ನೀರಿನಂತಿತ್ತು. ವಸಡು ಕಾಗದದಷ್ಟು ಬಿಳಿ. ಮತ್ತು ಇಳಿಸುವ ಸೂಜಿ ಕೊಟ್ಟಳು.

ಜಿಂಕೆ ಏಳಲಿಲ್ಲ.

ಎದೆ ಒತ್ತಿದಳು. ಮಾವ ಕಾಲು ತಿಕ್ಕಿದ. ನಿದ್ದೆಪ್ಪ ತನ್ನ ಕೋಟನ್ನೇ ಹೊದಿಸಿದ.

ಏಳಲಿಲ್ಲ.

ಡಾಕ್ಟ್ರಮ್ಮ ಹುಲ್ಲಿನ ಮೇಲೆ ಕೈಯೂರಿ ಕುಳಿತಳು. ಕೈ ಎತ್ತಿದಾಗ ಅಂಗೈಗೆ ಕರಿ ಕಾಳುಗಳು ಅಂಟಿದ್ದವು. ಹುಲ್ಲು ಸರಿಸಿದಳು. ಕೆಳಗೆಲ್ಲ ಕಾಳು.

"ಹುಲ್ಲಿನ ಬೀಜ," ಎಂದ ಮಾವ.

ಅವಳು ಒಂದನ್ನು ಉಗುರಿನಿಂದ ಸೀಳಿದಳು. ಒಳಗೆ ಬಿಳಿಯ ಮರಿ. "ನೊಣದ ಮರಿ ಮಾವ. ಜಿಂಕೆ ಮೈಯಿಂದ ಇಲ್ಲೇ ಉದುರಿ, ಮುಂದಿನ ವರ್ಷ ಇಲ್ಲೇ ರೆಕ್ಕೆ ಕಟ್ಕೊಂಡು ಏಳುತ್ತೆ. ಎದ್ದ ತಕ್ಷಣ ಎದುರಿಗೇ ಇಡೀ ಹಿಂಡು. ಕಾಡೆಲ್ಲ ಚದುರಿ ಮೇಯೋ ಪ್ರಾಣೀನ ಒಂದೇ ಕಡೆ ಸೇರಿಸಿದ್ದು ನಾವು."

ಮಾವ ಬಾಗಿ ಹುಲ್ಲಿನ ಕೆಳಗೆ ಕೈಯಾಡಿಸಿದ. ಆಮೇಲೆ, "ಬೆಂಕಿಪೆಟ್ಟಿಗೆ ಕೊಡು," ಎಂದ.

ತಾನೇ ಹೊತ್ತು ತಂದ ಹುಲ್ಲಿಗೆ ತಾನೇ ಬೆಂಕಿ ಹಚ್ಚಿದ. ಸತ್ತ ಜಿಂಕೆಯನ್ನು ಮಾತ್ರ ಪಕ್ಕಕ್ಕೆ ಎಳೆದಿಟ್ಟಿದ್ದ. ಹಸಿದ ಹಿಂಡು ಓಡಿಹೋಗಲಿಲ್ಲ. ಬೆಂಕಿಯ ಹತ್ತಿರಕ್ಕೇ ಬಂತು, ಬಿಸಿಗೆ. ಬೋಳು ಬೆನ್ನುಗಳ ಮೇಲೆ ಬೆಳಕು ಆಡುತ್ತಿತ್ತು. ಅವನು ಕೋಲು ಬೀಸಿ ಅಟ್ಟಿದ. ಮತ್ತೆ ಬಂದವು. ಮತ್ತೆ ಅಟ್ಟಿದ.

ಇಳಿಯುವಾಗ ಗಾಳಿ ಎದ್ದಿತು. ರಕ್ತ ಹೆಪ್ಪುಗಟ್ಟಬಾರದೆಂದು ಡಾಕ್ಟ್ರಮ್ಮ ಸೀಸೆಗಳನ್ನು ಕಂಕುಳಲ್ಲಿ ಒತ್ತಿಕೊಂಡಿದ್ದಳು. ಹೊಳೆಯ ನಡುವೆ ಕಾಲಡಿಯ ಮಂಜುಗಡ್ಡೆ ಲಟಲಟ ಎಂದಿತು.

ಬಿದ್ದಳು.

ಎದೆಮಟ್ಟ ನೀರು. ಸೆಳೆತ ಕಾಲು ಎಳೆಯಿತು. ಮಾವ ಮಂಜುಗಡ್ಡೆಯ ಮೇಲೆ ಬೋರಲು ಮಲಗಿ ಹಗ್ಗ ಎಸೆದ.

"ಎರಡೂ ಕೈಯಲ್ಲಿ ಹಿಡಿಯೇ!"

"ಸೀಸೆ ಬೀಳುತ್ತೆ ಮಾವ."

"ಹಾಳಾಗ್ಲಿ ಸೀಸೆ."

"ಇದಕ್ಕೋಸ್ಕರ ಒಂದು ಜಿಂಕೆ ಸತ್ತೇಹೋಯ್ತು. ಸುಮ್ನೆ ಎಳಿ."

ಒಂದೇ ಕೈ ಹಗ್ಗ ಹಿಡಿದಿತ್ತು. ನಿದ್ದೆಪ್ಪ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಎಳೆದ ರಭಸಕ್ಕೆ ದಡವೇ ಒಂದು ಮಾರು ಒಳಗೆ ಬಂತೆಂದು ಆಮೇಲೆ ಎಲ್ಲರಿಗೂ ಹೇಳಿಕೊಂಡ. ಅಂತೂ ಅವಳು ಮೇಲೆ ಬಂದಳು. ಸೀಸೆಗಳೂ ಬಂದವು.

ಭಾನುವಾರ ಲ್ಯಾಬಿನವರು ಹೇಳಿದರು: ಅಂಟುರೋಗದ ಸುಳಿವಿಲ್ಲ, ರಕ್ತವೇ ಇಲ್ಲ. ದೊಡ್ಡ ಸಾಹೇಬರು ಉದ್ದ ಮೇಜಿನ ಮೇಲಿನ ನೊಣಗಳನ್ನು ಬಹಳ ಹೊತ್ತು ನೋಡಿದರು. ಆಜ್ಞೆಯ ಮೇಲೆ ಅಡ್ಡಗೀಟು ಎಳೆದರು.

"ಆಯ್ತಮ್ಮ, ಬಂದೂಕು ಬೇಡ. ಪಾಪ, ಒಂದು ಲಾರಿ ಹುಲ್ಲಾದ್ರೂ ಕಳಿಸೋಣ."

ಡಾಕ್ಟ್ರಮ್ಮ ಪಕ್ಕದಲ್ಲಿ ನಿಂತಿದ್ದ ಮಾವನ ಕಡೆ ತಿರುಗಿದಳು. ಮಾವನೇ ಹೇಳಿದ: "ಬೇಡ ಸಾಹೇಬ್ರೆ. ಹುಲ್ಲು ಹಾಕಿದ್ರೆ ಮತ್ತೆ ಅಲ್ಲೇ ಸೇರ್ತಾವೆ."

"ಹಸಿವಿಗೆ ಸಾಯೋದಿಲ್ವೇನ್ರಿ?"

"ಸಾಯ್ತಾವೆ. ಒಂದಷ್ಟು ಉಳೀತಾವೆ."

ಹೊರಗೆ ಮೆಟ್ಟಿಲ ಮೇಲೆ ನಿದ್ದೆಪ್ಪ ಕುಳಿತಲ್ಲೇ ಗೊರಕೆ ಹೊಡೆಯುತ್ತಿದ್ದ. ಮಾವ ಸೊಸೆಯನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ, ಅವಳ ಕೂದಲಿನಿಂದ ನೊಣವೊಂದನ್ನು ಆರಿಸಿ ತೆಗೆದ.

"ಮನುಷ್ಯರ ಮೇಲೆ ಇದು ಬದುಕಲ್ಲ ಅಂದಿದ್ದೆ?"

"ಬದುಕಲ್ಲ ಮಾವ. ಆದ್ರೂ ಕಚ್ಚುತ್ತೆ."

"ಎಷ್ಟು ಉಳೀಬಹುದೇ, ಬೇಸಿಗೆ ಹೊತ್ತಿಗೆ?"

"ಅರ್ಧ ಉಳಿದ್ರೆ ನಮ್ಮ ಪುಣ್ಯ."

"ಬಂದೂಕು ಬಂದಿದ್ರೆ ನಾಳೆಗೆ ಒಂದೂ ಇರ್ತಿರಲಿಲ್ಲ," ಎಂದ ಮಾವ. ಮತ್ತೆ ಅವಳ ಕೂದಲು ಬಿಡಿಸುತ್ತಾ, "ತಲೆ ಬಗ್ಸು, ಇನ್ನೊಂದಿದೆ," ಎಂದ.