ತೊಂಬತ್ತಾರು ಮೆಟ್ಟಿಲಿಗೊಂದು ಕೈಪಿಡಿ

ಇಪ್ಪತ್ತನೆಯ ವಯಸ್ಸಿನಲ್ಲಿ ಅವಳು ಅಮ್ಮನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು: ಸಭೆಯಲ್ಲಿ ಎದ್ದು ನಿಂತು ಮಾತಾಡುವ ಗಂಡಸನ್ನು ತಾನು ಮದುವೆಯಾಗುವುದಿಲ್ಲ.

ಕೇಳಿದವರು ನಗಬಹುದು. ಆ ಮನೆಯಲ್ಲಿ ಬಾಳಿದವರು ನಗುತ್ತಿರಲಿಲ್ಲ. ಅಪ್ಪ ಐದು ಸಮಿತಿಗಳ ಕಾರ್ಯದರ್ಶಿ. ಬೀದಿದೀಪಕ್ಕೊಂದು ಸಮಿತಿ, ನೀರಿಗೊಂದು ಸಮಿತಿ, ಆ ಎರಡೂ ಜಗಳವಾಡದಂತೆ ನೋಡಿಕೊಳ್ಳಲು ಇನ್ನೊಂದು. ನೀರಿನ ಹಕ್ಕಿನ ಬಗ್ಗೆ ಮುಕ್ಕಾಲು ಗಂಟೆ ಗಂಟಲು ಹರಿದುಕೊಂಡು ಮನೆಗೆ ಬಂದರೆ, ಕೆಳಬೀದಿಯಿಂದ ತೊಂಬತ್ತಾರು ಮೆಟ್ಟಿಲು ಹತ್ತಿ ಅಮ್ಮ ಹೊತ್ತು ತಂದ ನೀರಿನಲ್ಲಿ ಮುಖ ತೊಳೆಯುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ.

"ಕುಡುಕನಾದ್ರೂ ಪರವಾಗಿಲ್ಲ ಕಣೇ, ಒಂದಿನ ಬಿಟ್ಟಾನು," ಎಂದಿದ್ದರು ಅಮ್ಮ. "ಮಾತಿನ ಚಟ ಬಿಟ್ಟವರನ್ನ ನಾನು ಕಂಡಿಲ್ಲ."

ಈಗ ಅವಳಿಗೆ ಮೂವತ್ತನಾಲ್ಕು. ಅಪ್ಪ ತೀರಿಕೊಂಡು ಆರು ವರ್ಷ. ಮೆಟ್ಟಿಲುಗಳ ತುದಿಯಲ್ಲಿ ಅವಳ ಹೊಲಿಗೆಯಂಗಡಿ, ಅದರ ಹಿಂದೆಯೇ ಮನೆ. ಎರಡು ವರ್ಷದ ಹಿಂದೆ ಅಮ್ಮ ಅರವತ್ತನೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಅಂದಿನಿಂದ ಅವರು ಕೆಳಗಿಳಿದಿಲ್ಲ. ಇಳಿಯುವುದಾದರೂ ಹೇಗೆ? ಒಂದು ಕಡೆ ಪಾಚಿಗೋಡೆ, ಇನ್ನೊಂದು ಕಡೆ ಗಾಳಿ. ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ.

ಕೆಳಬೀದಿಯಲ್ಲಿ ಅಮ್ಮನ ಅಕ್ಕ ಇದ್ದರು. ಅವರಿಗೆ ಎದೆಬೇನೆ, ಹತ್ತುವಂತಿಲ್ಲ. ಇವರಿಗೆ ಸೊಂಟ, ಇಳಿಯುವಂತಿಲ್ಲ. ಅಕ್ಕ ಬಾಲ್ಕನಿಯಲ್ಲಿ, ತಂಗಿ ಕಿಟಕಿಯಲ್ಲಿ ಕೂತು ಒಬ್ಬರನ್ನೊಬ್ಬರು ನೋಡುತ್ತ ಫೋನಿನಲ್ಲಿ ಮಾತಾಡುತ್ತಿದ್ದರು. ಒಂದು ಸಲ ಅಕ್ಕನ ಮನೆಗೇ ಹೋಗಿ ಎದುರಿಗೆ ಕೂತು ಜಗಳವಾಡಬೇಕು, ಫೋನಿನಲ್ಲಾದರೆ ಸೋಲುವ ಹೊತ್ತಿಗೆ ಸರಿಯಾಗಿ ಇಟ್ಟುಬಿಡುತ್ತಾಳೆ ಎಂಬುದು ಅಮ್ಮನ ಕೊರಗು. ಬದುಕಿನಲ್ಲಿ ಅವರಿಗೆ ಉಳಿದಿದ್ದ ಆಸೆ ಇದೊಂದೇ.

ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ ಅವನು ಮೆಟ್ಟಿಲು ಹತ್ತಿ ಬಂದ. ಕಂಕುಳಲ್ಲಿ ಕಾಗದದ ಸುರುಳಿ, ಕೈಯಲ್ಲಿ ಬಣ್ಣಬಣ್ಣದ ದುಂಡು ಸ್ಟಿಕರ್‌ಗಳ ಹಾಳೆ. ಹತ್ತಿದ ದಣಿವಿಗೆ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

"ಮನೇಲಿ ಮಕ್ಕಳಿಲ್ಲ, ಸ್ಟಿಕರ್ ಬೇಡ," ಎಂದಳು ಅವಳು, ಮಿಶಿನ್ನಿನಿಂದ ಕಣ್ಣೆತ್ತದೆ.

"ಮಾರೋಕೆ ಬಂದಿಲ್ಲ ಮೇಡಂ. ಕೇಳೋಕೆ ಬಂದೆ."

"ಏನು ಕೇಳೋಕೆ?"

"ನಿಮಗೇನು ಬೇಕು ಅಂತ."

ಅವಳ ಕಾಲು ಪೆಡಲ್ ಮೇಲೆಯೇ ನಿಂತಿತು. ಮೂವತ್ತನಾಲ್ಕು ವರ್ಷದಲ್ಲಿ ಯಾವ ಗಂಡಸೂ ಕೇಳದ ಮಾತು. ಕೇಳಿದವನು ಅಚ್ಚಾದ ಫಾರಂ ಹಿಡಿದುಕೊಂಡು ಬಂದಿದ್ದನೆಂಬುದೇ ಅವಳ ಹಣೆಬರಹ.

ನಗರಸಭೆ ಆ ವರ್ಷದ ಹಣದಲ್ಲಿ ಒಂದು ಪಾಲನ್ನು ನಿವಾಸಿಗಳೇ ಹಂಚಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದೆ, ಬೀದಿಗೆ ಏನು ಬೇಕೋ ಜನರೇ ಬರೆದುಕೊಡಬೇಕು, ಸಭೆ ಸೇರಿ ಚರ್ಚಿಸಬೇಕು, ಕೊನೆಗೆ ತಲೆಗೆ ಮೂರರಂತೆ ಚುಕ್ಕಿ ಅಂಟಿಸಿ ಆರಿಸಬೇಕು ಎಂದು ಅವನು ವಿವರಿಸಿದ. ತಾನು ಅದರ ಸಂಯೋಜಕ, ಕೆಲಸ ಗುತ್ತಿಗೆಯದು. ಸಭೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಮೂಗು ತಾನಾಗಿ ಮುರಿಯಿತು. ಇವನು ಬರಿಯ ಸಭೆಯವನಲ್ಲ, ಸಂಬಳ ತೆಗೆದುಕೊಂಡು ಸಭೆ ಮಾಡುವವನು. ಅಪ್ಪನಾದರೂ ಪುಕ್ಕಟೆ ಮಾಡುತ್ತಿದ್ದರು. ಮನಸ್ಸಿನಲ್ಲೇ ಅವನಿಗೆ ಚುಕ್ಕಿ ಮೇಷ್ಟ್ರು ಎಂದು ಹೆಸರಿಟ್ಟಳು.

ಆದರೂ ಹೇಳಿದಳು. ಮೆಟ್ಟಿಲಿಗೆ ರೇಲಿಂಗ್ ಬೇಕು.

ಅವನು ಪೆನ್ನು ತೆಗೆದು ಯೋಚಿಸಿದ. ಫಾರಂ ಅಚ್ಚಕನ್ನಡದಲ್ಲಿ ಇರಬೇಕಂತೆ, ಮೇಲಿನಿಂದ ಸುತ್ತೋಲೆ ಬಂದಿದೆಯಂತೆ. ಸ್ವಲ್ಪ ಹೊತ್ತು ಸೂರು ನೋಡಿದ. ಆಮೇಲೆ ಕಣ್ಣು ಅರಳಿಸಿ, ಗುಂಡುಗುಂಡಾದ ಅಕ್ಷರದಲ್ಲಿ ಬರೆದ: ತೊಂಬತ್ತಾರು ಮೆಟ್ಟಿಲುಗಳಿಗೆ ಕೈಪಿಡಿ.

"ಕೈಪಿಡಿ ಅಂದ್ರೆ ಪುಸ್ತಕ ಅಲ್ವೇನ್ರೀ?"

ಅಲ್ಲವೆಂದ. ಕೈಯಲ್ಲಿ ಪಿಡಿಯುವುದು ಕೈಪಿಡಿ, ಮೂಲದಲ್ಲಿ ಅದೇ ಅರ್ಥ, ಪುಸ್ತಕದ ಅರ್ಥ ಆಮೇಲೆ ಬಂದದ್ದು ಎಂದು ಒಂದು ಸಣ್ಣ ಪಾಠವನ್ನೇ ಮಾಡಿದ. ಪಾಠ ಮಾಡುವಾಗ ಅವನ ಹುಬ್ಬುಗಳೆರಡೂ ಹಕ್ಕಿಯ ರೆಕ್ಕೆಯಂತೆ ಮೇಲೇಳುತ್ತಿದ್ದವು. ನೋಡಲು ಚೆನ್ನಾಗಿತ್ತು. ಚೆನ್ನಾಗಿತ್ತೆಂಬುದೇ ಅವಳಿಗೆ ಸಿಟ್ಟು ತರಿಸಿತು.

"ನಿಮ್ಮ ಅಂಗಿಯ ಗುಂಡಿ ಬಿದ್ದಿದೆ. ಮೂಲದಲ್ಲಿ ಅಲ್ಲಿ ಒಂದಿತ್ತು," ಎಂದಳು.

ಗುಂಡಿ ಹಾಕಿಸಿಕೊಂಡು ಹೋದ. ಮುಂದಿನ ವಾರ ಇನ್ನೊಂದು ಗುಂಡಿ ಬಿದ್ದಿತ್ತು. ಅದರ ಮುಂದಿನ ವಾರ ತೋಳಿನದು. ಪ್ರತಿ ಸಲವೂ ಮೆಟ್ಟಿಲಿನ ಅಳತೆಗೆಂದೋ ಸಭೆಯ ನೋಟೀಸು ಅಂಟಿಸಲೆಂದೋ ಬಂದು, ಹೋಗುವ ಮುನ್ನ ನೆನಪಾದವನಂತೆ ಅಂಗಿ ತೋರಿಸುತ್ತಿದ್ದ. ಸ್ಟೂಲಿನ ಮೇಲೆ ಕೂತು, ಸೂಜಿಗೆ ದಾರ ಪೋಣಿಸುವಾಗ ಅವಳ ತುಟಿ ಕಿರಿದಾಗುವುದನ್ನೇ ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ.

ನಾಲ್ಕನೆಯ ಗುಂಡಿಗೆ ಅವಳು ಅಂಗಿಯ ಅಂಚನ್ನು ಬೆಳಕಿಗೆ ಎಳೆದು ನೋಡಿದಳು.

"ತಾನಾಗಿ ಬಿದ್ದ ಗುಂಡಿಗೆ ದಾರ ಎಳೆಎಳೆಯಾಗಿರುತ್ತೆ. ಇದು ಕತ್ತರಿಸಿದ್ದು."

ಅವನ ಕಿವಿ ಕೆಂಪಾಯಿತು.

"ಯಾವ ಕತ್ತರಿ?"

"ಉಗುರು ಕತ್ತರಿಸೋದು."

"ಮೊಂಡಾಗಿದೆ, ಬಟ್ಟೇನೂ ಕಿತ್ತುಬಂದಿದೆ. ಸುಳ್ಳು ಹೇಳೋಕೂ ಒಂದು ಹದ ಬೇಕು," ಎಂದು ಆ ಗುಂಡಿಯನ್ನು ಈ ಜನ್ಮಕ್ಕೆ ಬೀಳದಂತೆ ಬಿಗಿದು ಹೊಲಿದಳು. ಹಲ್ಲಿನಿಂದ ದಾರ ಕಡಿಯುವಾಗ ಅವಳ ಹಣೆ ಅವನ ಎದೆಗೆ ಒಂದು ಬೆರಳಿನಷ್ಟು ದೂರದಲ್ಲಿತ್ತು. ಅಂಗಿ ಅವನ ಮೈಮೇಲೆಯೇ ಇತ್ತೆಂಬುದು ಇಬ್ಬರಿಗೂ ಆಗಲೇ ಹೊಳೆದದ್ದು. ಅವಳು ಬೇಕೆಂದೇ ನಿಧಾನ ಮಾಡಿದಳೋ ಏನೋ, ಅದನ್ನು ಅವಳು ಒಪ್ಪುವವಳಲ್ಲ.

ಸಭೆಗಳಿಗೆ ಅವಳು ಹೋದಳು, ಹೋಗದೆ ಗತಿಯಿರಲಿಲ್ಲ. ಶಾಲೆಯ ಸಭಾಂಗಣದಲ್ಲಿ ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂತು ದೊಡ್ಡವರು ಸಣ್ಣತನ ಪ್ರದರ್ಶಿಸುತ್ತಿದ್ದರು. ಕೆಳಬೀದಿ ಸಂಘದ ಅಧ್ಯಕ್ಷರಿಗೆ ಬೀದಿಯ ಬಾಯಿಗೆ ಸ್ವಾಗತ ಕಮಾನು ಬೇಕಾಗಿತ್ತು, ಅದರ ಮೇಲೆ ಅವರ ಹೆಸರು ಬೇಕಾಗಿತ್ತು. ಬಂದವರು ಎಡವಿ ಬೀಳುವ ಬೀದಿಗೆ ಸ್ವಾಗತ ಯಾಕೆಂದು ಯಾರೂ ಕೇಳಲಿಲ್ಲ. ಅವರಿಗೂ ಹೆಸರಾಯಿತು: ಕಮಾನು. ಒಬ್ಬರು ಎದ್ದು, ತಮಗಿಂತ ಮೊದಲು ಮಾತಾಡಿದವರು ಹೇಳಿದ್ದನ್ನೇ ಹೇಳಿ, ಅವರು ಹೇಳಿದ್ದು ತಪ್ಪೆಂದು ಕೂತರು. ಚುಕ್ಕಿ ಮೇಷ್ಟ್ರು ಎಲ್ಲವನ್ನೂ ಬಿಳಿ ಹಾಳೆಯ ಮೇಲೆ ಬರೆದುಕೊಂಡು "ಒಳ್ಳೆಯ ಅಂಶ" ಎನ್ನುತ್ತಿದ್ದ. ಯಾರ ಮನಸ್ಸನ್ನೂ ನೋಯಿಸದ ಆ ಮಾತು, ಅಡ್ಡಗೋಡೆಯ ಮೇಲೆ ದೀಪವಿಟ್ಟಂತಹ ಆ ನಗು. ಅಪ್ಪನದೇ ಅಚ್ಚು ಎಂದು ಅವಳು ಹಲ್ಲು ಕಡಿದಳು.

ಆದರೆ ಆರಿಸುವ ದಿನ ಅವನೊಂದು ಕೆಲಸ ಮಾಡಿದ. ಮೆಟ್ಟಿಲಿನ ಕಂಬಿ ಯಾರಿಗೆ ಬೇಕೋ ಅವರೇ ಮೆಟ್ಟಿಲಿಳಿದು ಚುಕ್ಕಿ ಅಂಟಿಸಲು ಬರಲಾರರು ಎಂಬುದು ಸಭೆಯಲ್ಲಿ ಕೂತವರಲ್ಲಿ ಅವನೊಬ್ಬನಿಗೇ ಹೊಳೆಯಿತು. ಚುಕ್ಕಿ ಅಂಟಿಸುವ ಚಾರ್ಟುಗಳನ್ನು ಹೆಗಲ ಮೇಲೆ ಹೊತ್ತು, ಮೇಲಿನ ಸಾಲಿನ ಮನೆಮನೆಗೂ ಹೋದ. ಅಮ್ಮ ಮೂರೂ ಚುಕ್ಕಿಗಳನ್ನು ಒಂದರ ಮೇಲೊಂದು ಅಂಟಿಸಹೊರಟರು, ಅವನು ಕೈಹಿಡಿದು ಪಕ್ಕಪಕ್ಕಕ್ಕೆ ಅಂಟಿಸಿದ. ಕಮಾನು ಸೋತಿತು.

ಅವನು ಹೋದ ಮೇಲೆ ಅಮ್ಮ ಕೇಳಿದರು, ಯಾರೇ ಅವನು, ಸಭೆಯವನಾ ಎಂದು. ಗುಂಡಿ ಹಾಕಿಸಿಕೊಳ್ಳೋಕೆ ಬರ್ತಾನೆ ಎಂದಳು. ಸುಳ್ಳಲ್ಲ.

ಐದು ತಿಂಗಳ ಮೇಲೆ, ಕೆಳಗೆ ನಗರಸಭೆಯ ಗಾಡಿ ಬಂದು ನಿಂತಿದೆ ಎಂದು ಸುದ್ದಿ ಬಂತು. ಅಮ್ಮ ಕಿಟಕಿಯಲ್ಲಿ ಕೂತು ಆಗಲೇ ಅಕ್ಕನಿಗೆ ಫೋನು ಮಾಡಿದ್ದರು: ಕಂಬಿ ಬಂತು, ಜಗಳಕ್ಕೆ ಸಿದ್ಧವಾಗು. ಅವಳು ಮೆಟ್ಟಿಲಿಳಿದು ಓಡಿದಳು. ಗಾಡಿಯಿಂದ ಇಳಿದದ್ದು ಕಬ್ಬಿಣವಲ್ಲ, ರಟ್ಟಿನ ಪೆಟ್ಟಿಗೆಗಳು. ಪೆಟ್ಟಿಗೆಯೊಳಗೆ ಐನೂರು ಪುಸ್ತಕ. ಹೊಳೆಯುವ ಮುಖಪುಟದ ಮೇಲೆ ದೊಡ್ಡಕ್ಷರದಲ್ಲಿ: ತೊಂಬತ್ತಾರು ಮೆಟ್ಟಿಲುಗಳಿಗೆ ಕೈಪಿಡಿ.

ಮೊದಲ ಪುಟದಲ್ಲಿ ಒಬ್ಬ ಅಧಿಕಾರಿಯ ಸಂದೇಶ, ಎರಡನೆಯದರಲ್ಲಿ ಅವರ ಮೇಲಧಿಕಾರಿಯದು. ಮೂರನೆಯ ಪುಟ: ಮೆಟ್ಟಿಲುಗಳನ್ನು ಒಂದಾದ ಮೇಲೊಂದರಂತೆ ಬಳಸತಕ್ಕದ್ದು. ಏಳನೆಯ ಪುಟ: ಹಿರಿಯರು ಆಧಾರ ಹಿಡಿದು ಇಳಿಯತಕ್ಕದ್ದು. ಯಾವ ಆಧಾರ ಎಂದು ಹೇಳಿರಲಿಲ್ಲ. ನಾಲ್ಕು ಮೇಜು ದಾಟಿ ಬಂದ ಫೈಲು, ನಾಲ್ಕು ಸಹಿ. ಸಹಿ ಹಾಕಿದ ನಾಲ್ವರಲ್ಲಿ ಒಬ್ಬನಿಗೂ ಮೆಟ್ಟಿಲಿಗೆ ಪುಸ್ತಕ ಯಾಕೆ ಎಂದು ಅನುಮಾನ ಬಂದಿರಲಿಲ್ಲ. ಕಮಾನು ಒಂದು ಪ್ರತಿ ತೆಗೆದುಕೊಂಡು, ಚಿತ್ರಗಳು ಚೆನ್ನಾಗಿವೆ ಎಂದರು.

ಸುದ್ದಿ ತಿಳಿದು ಅವನು ಓಡಿಬಂದಾಗ ಅವಳು ಅಂಗಡಿಯಲ್ಲಿದ್ದಳು.

"ನಮ್ಮಮ್ಮ ಇದನ್ನ ಓದಿಕೊಂಡು ಇಳೀಲಿ ಅಂತೀರಾ?"

ಅವನು ಬಾಯಿ ತೆರೆದ.

"ಬೇಡ. ನೀವು ಬಾಯಿ ಬಿಟ್ಟರೆ ಪದ ಬರುತ್ತೆ. ಅವತ್ತೇ ಕೇಳಿದೆ, ಪುಸ್ತಕ ಅಲ್ವೇನ್ರೀ ಅಂತ. ಹೊಲಿಗೆಯವಳಿಗೇನು ಗೊತ್ತು ಅಂತ ಪಾಠ ಹೇಳಿದ್ರಿ. ಇನ್ನು ನಿಮ್ಮ ಗುಂಡಿ ನೀವೇ ಹಾಕ್ಕೊಳ್ಳಿ."

ಅವನು ಹೋದ. ಸಂಜೆಯವರೆಗೆ ಅವಳು ಹೊಲಿದದ್ದೆಲ್ಲ ಸೊಟ್ಟಗಾಯಿತು, ಎಲ್ಲವನ್ನೂ ಬಿಚ್ಚಬೇಕಾಯಿತು. ಆ ಸಂಜೆ ಅಮ್ಮ ಕಿಟಕಿಯ ಬಳಿ ಕೂರಲಿಲ್ಲ. ಅದಕ್ಕಾಗಿ ಅವಳು ಅವನನ್ನು ಇನ್ನೊಮ್ಮೆ ಶಪಿಸಿದಳು.

ಕೊನೆಯ ಸಭೆಗೆ ಹಿರಿಯ ಇಂಜಿನಿಯರೇ ಬಂದರು. ಕಾಮಗಾರಿ ಪೂರ್ಣಗೊಂಡಿದೆ, ಜನ ಕೇಳಿದ್ದನ್ನು ಜನರಿಗೆ ಕೊಡಲಾಗಿದೆ, ಫಾರಂನಲ್ಲಿ ಸ್ಪಷ್ಟವಾಗಿ ಕೈಪಿಡಿ ಎಂದೇ ಇದೆ ಎಂದು ಓದಿದರು. ನಿವಾಸಿಗಳು ಬರೆಯುವಾಗ ಎಚ್ಚರ ವಹಿಸಬೇಕಿತ್ತು ಎಂದು ಕನ್ನಡಕ ಒರೆಸಿಕೊಂಡರು. ಸಂಯೋಜಕರೂ ಇದನ್ನು ದೃಢಪಡಿಸುತ್ತಾರೆ ಎಂದು ಅವನತ್ತ ನೋಡಿದರು. ಅವನ ಗುತ್ತಿಗೆ ಮುಂದುವರಿಯಬೇಕಾದರೆ ಅದೇ ಇಂಜಿನಿಯರ ಸಹಿ ಬೇಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವನು ಎದ್ದು ನಿಂತ. ಇನ್ನು ಇವನೂ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾನೆ ಎಂದು ಅವಳು ಚೀಲ ಎತ್ತಿಕೊಂಡು ಹೊರಟಳು.

"ಅವರು ಕೇಳಿದ್ದು ರೇಲಿಂಗ್," ಎಂದ ಅವನು. "ಕೈಪಿಡಿ ಅಂತ ಬರೆದವನು ನಾನು. ಅದು ಪುಸ್ತಕ ಅಲ್ವಾ ಅಂತ ಅವರು ಅವತ್ತೇ ಎಚ್ಚರಿಸಿದ್ರು. ನನಗೆ ಜಾಸ್ತಿ ಗೊತ್ತು ಅಂದ್ಕೊಂಡೆ. ತಪ್ಪು ನನ್ನದು. ಕೆಲಸ ಆಗಿಲ್ಲ. ಆಗಿಲ್ಲ ಅಂತಲೇ ಬರೀರಿ."

ಕೂತುಬಿಟ್ಟ. ಐದು ಸಮಿತಿ, ಇಪ್ಪತ್ತೆರಡು ವರ್ಷ, ಸಾವಿರ ಭಾಷಣ; ಅಪ್ಪನ ಬಾಯಲ್ಲಿ ತಪ್ಪು ನನ್ನದು ಎಂಬ ಎರಡು ಪದ ಒಮ್ಮೆಯೂ ಬಂದದ್ದನ್ನು ಅವಳು ಕೇಳಿರಲಿಲ್ಲ. ಬಾಗಿಲಲ್ಲಿ ನಿಂತವಳು ಹಿಂತಿರುಗಿ ಅವನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಬಿಗಿದ ಆ ಗುಂಡಿ ಇದ್ದಲ್ಲೇ ಇತ್ತು.

ಕೆಲಸ ಆಗಿಲ್ಲವೆಂದೇ ದಾಖಲಾಯಿತು. ಅವನ ಗುತ್ತಿಗೆ ಆ ತಿಂಗಳಿಗೇ ಮುಗಿಯಿತು. ಕಂಬಿ ಬರಲು ಮಾತ್ರ ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಕಂಬಿ ಕೂರಿಸುವ ವೆಲ್ಡಿಂಗ್ ಅಂಗಡಿಗೆ ಅಳತೆ ಬರೆದುಕೊಳ್ಳುವವನೊಬ್ಬ ಬೇಕಾಗಿದ್ದ. ಈ ಮೆಟ್ಟಿಲುಗಳ ಅಳತೆ ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ಕೊನೆಯ ಕಂಬ ಕೂರಿಸಿದ ದಿನ, ಕೈಗೆಲ್ಲ ಬಣ್ಣ ಮೆತ್ತಿಕೊಂಡು ಅಂಗಡಿಯ ಬಾಗಿಲಲ್ಲಿ ಬಂದು ನಿಂತ. ಅವಳು ಕೂರಿ ಎನ್ನಲಿಲ್ಲ. ಅವನು ಕೂತ. ಕ್ಯಾಲೆಂಡರ್ ನೋಡಲಿಲ್ಲ, ಅವಳನ್ನೇ ನೋಡಿದ.

"ಏನೋ ಕೇಳಬೇಕು ಅಂತ ಬಂದ ಹಾಗಿದೆ. ಅದಕ್ಕೂ ಫಾರಂ ಬೇಕಾ?"

"ಬೇಡ. ಪದ ಸಿಗ್ತಿಲ್ಲ."

"ಒಳ್ಳೇದಾಯ್ತು. ನಿಮಗೆ ಪದ ಸಿಕ್ಕರೆ ಏನಾಗುತ್ತೆ ಅಂತ ನೋಡಿದ್ದೀನಿ."

ಅವನು ಮೇಜಿನ ಮೇಲೆ, ಬಟ್ಟೆಯ ಚೂರುಗಳ ನಡುವೆ, ಅಂಗೈ ಮೇಲೆ ಮಾಡಿ ಕೈಯಿಟ್ಟ. ಅವಳು ಅದನ್ನು ಹರಾಜಿಗೆ ಬಂದ ಹಳೆಯ ಸಾಮಾನಿನಂತೆ ಸ್ವಲ್ಪ ಹೊತ್ತು ಪರೀಕ್ಷಿಸಿದಳು. ಆಮೇಲೆ ಸೂಜಿ ಚುಚ್ಚಿ ಚುಚ್ಚಿ ಒರಟಾದ ತನ್ನ ಬೆರಳುಗಳನ್ನು ಅದರೊಳಗೆ ಇಟ್ಟಳು. ಬಣ್ಣ ಇನ್ನೂ ಹಸಿಯಾಗಿತ್ತು.

"ಇದಕ್ಕೆ ಅಚ್ಚಕನ್ನಡದಲ್ಲಿ ಏನಂತಾರೆ ಅಂತ ಹೇಳಿದ್ರೆ ಎದ್ದು ಹೋಗ್ತೀನಿ," ಎಂದಳು.

ಅವನು ಹೇಳಲಿಲ್ಲ. ಅಷ್ಟು ಹೊತ್ತು ಅವನು ಸುಮ್ಮನಿದ್ದದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಮ್ಮ ಇಳಿದರು. ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ಮಗಳು. ಕೆಳಗೆ ಅಕ್ಕ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಎಷ್ಟು ಹೊತ್ತೇ ಎಂದು ಕೂಗುತ್ತಿದ್ದರು. ಅರವತ್ತನೆಯ ಮೆಟ್ಟಿಲಲ್ಲಿ ಅಮ್ಮ ನಿಂತರು. ಸುಧಾರಿಸಿಕೊಳ್ಳಲೆಂದು ಅವಳು ಅಂದುಕೊಂಡಳು.

"ಆ ಗುಂಡಿಯವನು," ಎಂದರು ಅಮ್ಮ. "ಸಭೆಯಲ್ಲಿ ಎದ್ದು ಮಾತಾಡಿದನಂತಲ್ಲ?"

"ಹೂಂ. ಒಂದೇ ಸಲ."

"ಎಷ್ಟು ಹೊತ್ತು?"

"ಒಂದು ನಿಮಿಷಾನೂ ಇಲ್ಲಮ್ಮ."

"ನಿಮ್ಮಪ್ಪನೂ ಶುರು ಮಾಡಿದ್ದು ಅಷ್ಟರಿಂದಲೇ," ಎಂದು ಅಮ್ಮ ಕಂಬಿಯನ್ನು ಬಿಗಿಯಾಗಿ ಹಿಡಿದು ಮುಂದಿನ ಮೆಟ್ಟಿಲಿಳಿದರು.

ಮುಂದಿನ ತಿಂಗಳು ಅವಳು ಅಮ್ಮನಿಗೆ ಕೊಟ್ಟ ಮಾತನ್ನು ಮುರಿದಳು.